ಆಕಾಶಕ್ಕೆ ಬಲೂನು ಬಿಟ್ಟ ವಿಜ್ಞಾನಿ: ಡಾ. ಹೋಮಿ ಜಹಾಂಗೀರ್ ಭಾಭಾ

(ಮಹನೀಯರ ಪರಿಚಯ)

ಜಾತ್ರೇಲಿ ಕೊಂಡ ಗ್ಯಾಸ್ ಪುಗ್ಗ ಕೈ ತಪ್ಪಿ ಮೇಲೆ ಹೋದ್ರೆ ಚಿಕ್ಕ ಮಕ್ಕಳು ಅಳ್ತಾರೆ. ಆದರೆ ಬೇಕು ಅಂತಲೇ ದೊಡ್ಡ ದೊಡ್ಡ ಪುಗ್ಗಗಳನ್ನು ಆಕಾಶಕ್ಕೆ ಬಿಟ್ಟು, ಅವು ತಂದ ಸುದ್ದಿಯಿಂದ ಹೊಸ ವಿಷಯ ಕಂಡುಹಿಡಿಯುವ ವಿಜ್ಞಾನಿಗಳೂ ಇದ್ದಾರೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಬುನಾದಿ ಹಾಕಿದವರಲ್ಲಿ ಡಾ. ಹೋಮಿ ಭಾಭಾ ಮುಖ್ಯರು. ಅವರನ್ನು ಭಾರತದ ಅಣುಶಕ್ತಿಯ ಪಿತಾಮಹ ಅಂತ ಎಲ್ಲರೂ ಓದಿರ್ತೀರಿ. ಅವರ ಬಲೂನಿನ ಕಥೆ, ಬೆಂಗಳೂರಿನ ಕಥೆ ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅದಕ್ಕೇ ಈ ಲೇಖನ.

ಜನನ ಮತ್ತು ಮನೆತನ

ಹೋಮಿ ಭಾಭಾ ಅವರು 1909ನೇ ಇಸವಿ ಅಕ್ಟೋಬರ್ 30ರಂದು ಮುಂಬಯಿಯಲ್ಲಿ ಒಂದು ಪಾರ್ಸಿ ಕುಟುಂಬದಲ್ಲಿ ಹುಟ್ಟಿದರು. ತಂದೆ ಜಹಾಂಗೀರ್ ಭಾಭಾ, ವಕೀಲರು. ತಾಯಿ ಮೆಹರ್‌ಬಾಯಿ. ಅವರ ಸೋದರತ್ತೆಯನ್ನು ಟಾಟಾ ಮನೆತನದ ಸರ್ ದೊರಾಬ್ಜಿ ಟಾಟಾ ಮದುವೆಯಾಗಿದ್ದರು. ಹೀಗಾಗಿ ದೊಡ್ಡ ಮನೆತನ, ಏನೂ ಕೊರತೆ ಇರಲಿಲ್ಲ.

ಇಲ್ಲಿ ಒಂದು ವಿಶೇಷ ಇದೆ. ಹೋಮಿಯವರ ತಾತ ಹೊರ್ಮಸ್ಜಿ ಭಾಭಾ ಅವರು ಹಳೆಯ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದರು. ಆಗ ದಾವಣಗೆರೆ ಜಿಲ್ಲೆ ಅನ್ನೋದೇ ಇರಲಿಲ್ಲ. ಅದು ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲೂಕಿನೊಳಗೇ ಇತ್ತು. ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಇವೆಲ್ಲವೂ ಮೈಸೂರು ಸಂಸ್ಥಾನದ ಊರುಗಳೇ. ಅಂದ್ರೆ ಭಾಭಾ ಅವರ ತಾತನವರು ನೋಡಿಕೊಳ್ಳುತ್ತಿದ್ದ ಇಲಾಖೆಯಲ್ಲಿ ನಮ್ಮ ಸೀಮೆಯ ಶಾಲೆಗಳೂ ಇದ್ದವು! ಹೋಮಿಯವರ ತಂದೆ ಬೆಳೆದದ್ದು ಕೂಡ ಬೆಂಗಳೂರಿನಲ್ಲೇ.

ವಿದ್ಯಾಭ್ಯಾಸ

ಚಿಕ್ಕಂದಿನಲ್ಲಿ ಹೋಮಿಗೆ ಮೆಕಾನೋ ಅಂತ ಒಂದು ಆಟದ ಸಾಮಾನು ಬಹಳ ಇಷ್ಟ. ತೂತು ಇರುವ ತಗಡಿನ ಪಟ್ಟಿ, ನಟ್ಟು, ಬೋಲ್ಟು ಜೋಡಿಸಿ ಕ್ರೇನು, ಸೇತುವೆ ಮಾಡುವ ಆಟ ಅದು. ಜೊತೆಗೆ ಚಿತ್ರ ಬಿಡಿಸೋದು, ಸಂಗೀತ ಕೇಳೋದು, ಮನೆಯ ಗ್ರಂಥಾಲಯದಲ್ಲಿ ಕೂತು ಓದೋದು. ಮುಂಬಯಿಯಲ್ಲಿ ಶಾಲೆ, ಕಾಲೇಜು ಓದಿ 1927ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಹೋದರು.

ಅಲ್ಲಿ ಒಂದು ಕಷ್ಟ ಬಂತು. ಮಗ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆಗೆ ಬರಬೇಕು ಅನ್ನೋದು ಅಪ್ಪನ ಆಸೆ. ಮಗನ ಮನಸ್ಸು ಭೌತಶಾಸ್ತ್ರದ ಮೇಲೆ. ನಮ್ಮ ಮನೆಗಳಲ್ಲೂ ಇದೇ ಜಗಳ ಇರುತ್ತಲ್ಲ! ಅವರು ಮನೆ ಬಿಟ್ಟು ಹೋಗಲಿಲ್ಲ, ಸುಳ್ಳೂ ಹೇಳಲಿಲ್ಲ. 1928ರಲ್ಲಿ ತಂದೆಗೆ ಕಾಗದ ಬರೆದು ತಮ್ಮ ಮನಸ್ಸಿನಲ್ಲಿ ಇದ್ದದ್ದನ್ನೆಲ್ಲ ತಿಳಿಸಿದರು. ಮೊದಲು ಇಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಪಡೆದು ತೋರಿಸಿದರೆ ಮುಂದೆ ಇಷ್ಟದ ವಿಷಯ ಓದಿಸುವುದಾಗಿ ತಂದೆ ಒಪ್ಪಿದರು. 1930ರಲ್ಲಿ ಮಗ ಪ್ರಥಮ ದರ್ಜೆಯಲ್ಲೇ ಪಾಸಾದರು. ತಂದೆಯೂ ಮಾತು ಉಳಿಸಿಕೊಂಡರು. ಬೇಡದ ವಿಷಯ ಅಂತ ಅದನ್ನೂ ಅರ್ಧಂಬರ್ಧ ಓದಲಿಲ್ಲ ಅನ್ನೋದು ಇಲ್ಲಿ ಗಮನಿಸಬೇಕಾದ ಸಂಗತಿ. ಆ ಇಂಜಿನಿಯರಿಂಗ್ ಓದು ಮುಂದೆ ಉಪಕರಣ ಮಾಡಿಸುವಾಗ, ಕಟ್ಟಡ ಕಟ್ಟಿಸುವಾಗ ಉಪಯೋಗಕ್ಕೆ ಬಂತು.

ಆಕಾಶದಿಂದ ಬೀಳುವ ಕಾಣದ ಮಳೆ

ಭಾಭಾ ಅವರು ಆರಿಸಿಕೊಂಡ ವಿಷಯ ಕಾಸ್ಮಿಕ್ ಕಿರಣ, ಅಂದ್ರೆ ವಿಶ್ವಕಿರಣ. ಹೊರಗಿನ ಬಾಹ್ಯಾಕಾಶದಿಂದ ಬಹಳ ಚಿಕ್ಕ ಕಣಗಳು ಹಗಲೂ ರಾತ್ರಿ ಭೂಮಿಯ ಕಡೆ ಬರ್ತಾನೇ ಇರ್ತವೆ. ಅವು ಕಣ್ಣಿಗೆ ಕಾಣಲ್ಲ, ಮೈಗೆ ತಾಗಿದ್ದು ಗೊತ್ತಾಗಲ್ಲ. ಈಗ ನೀವು ಇದನ್ನ ಓದುತ್ತಾ ನಿಂತಿರುವಾಗಲೂ ನಿಮ್ಮ ಮೈಯೊಳಗಿಂದ ಅವು ಹಾದು ಹೋಗ್ತಿವೆ.

ಇದನ್ನು ಕಂಡುಹಿಡಿದದ್ದೇ ಬಲೂನಿನಿಂದ. 1912ರಲ್ಲಿ ಆಸ್ಟ್ರಿಯಾ ದೇಶದ ವಿಕ್ಟರ್ ಹೆಸ್ ಅನ್ನೋರು ಸ್ವತಃ ಬಲೂನಿನ ಬುಟ್ಟೀಲಿ ಕೂತು 5 ಕಿಲೋಮೀಟರಿಗಿಂತ ಮೇಲೆ ಹೋದರು. ಮೇಲೆ ಹೋದಂತೆ ವಿಕಿರಣ ಹೆಚ್ಚಾಗುತ್ತೆ ಅಂತ ಅವರ ಉಪಕರಣ ತೋರಿಸಿತು. ಹಾಗಾದರೆ ಅದು ನೆಲದಿಂದ ಬರ್ತಾ ಇಲ್ಲ, ಮೇಲಿಂದ ಬರ್ತಾ ಇದೆ ಅಂತ ಆಯ್ತು. ಅದಕ್ಕೆ 1936ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಈ ಕಣಗಳು ಗಾಳಿಗೆ ಬಡಿದಾಗ ಏನಾಗುತ್ತೆ ಅನ್ನೋದನ್ನ 1937ರಲ್ಲಿ ಭಾಭಾ ಮತ್ತು ಹೈಟ್ಲರ್ ಅನ್ನೋ ವಿಜ್ಞಾನಿ ಸೇರಿ ಲೆಕ್ಕ ಮಾಡಿ ತೋರಿಸಿದರು. ಶಕ್ತಿ ಇರುವ ಒಂದು ಎಲೆಕ್ಟ್ರಾನ್ ಗಾಳಿಯಲ್ಲಿ ಗಾಮಾ ಕಿರಣ ಹುಟ್ಟಿಸುತ್ತೆ. ಆ ಗಾಮಾ ಕಿರಣ ಎರಡು ಕಣ ಆಗುತ್ತೆ. ಅವು ಮತ್ತೆ ಗಾಮಾ ಕಿರಣ ಹುಟ್ಟಿಸ್ತವೆ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಕಣಗಳ ಒಂದು ಸೋನೆಮಳೆಯೇ ಆಗುತ್ತೆ. ಶಕ್ತಿ ಹಂಚಿ ಹಂಚಿ ಸಾಲದೇ ಹೋದಾಗ ಮಳೆ ನಿಲ್ಲುತ್ತೆ. ಈ ಕೆಲಸದಿಂದ ಭಾಭಾ ಹೆಸರು ಪ್ರಪಂಚಕ್ಕೆ ಗೊತ್ತಾಯಿತು. ಆಗ ಅವರ ವಯಸ್ಸು ಬರೀ 27.

ರಜಕ್ಕೆ ಬಂದವರು ಬೆಂಗಳೂರಲ್ಲಿ ಉಳಿದರು

1939ರಲ್ಲಿ ಭಾಭಾ ಅವರು ರಜ ಕಳೆಯೋಕೆ ಅಂತ ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯ್ತು. ಇಂಗ್ಲೆಂಡಿಗೆ ವಾಪಸ್ ಹೋಗಿ ಕೆಲಸ ಮುಂದುವರಿಸೋದು ಆಗಲಿಲ್ಲ. 1940ರ ಹೊತ್ತಿಗೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ಅದನ್ನೇ ಬೆಂಗಳೂರಿನ ಜನ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತಾರೆ. ಅಲ್ಲಿ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರು ಸರ್ ಸಿ. ವಿ. ರಾಮನ್. ವಿಕ್ರಮ್ ಸಾರಾಭಾಯಿ ಕೂಡ ಅಲ್ಲಿಗೇ ಬಂದು ಸೇರಿದರು. ಭಾರತದ ಅಣುಶಕ್ತಿ ಶುರು ಮಾಡಿದವರು, ಬಾಹ್ಯಾಕಾಶ ಶುರು ಮಾಡಿದವರು, ನೊಬೆಲ್ ಪಡೆದವರು ಮೂರೂ ಜನ ಒಂದೇ ಕಾಂಪೌಂಡಿನಲ್ಲಿ ಇದ್ದರು!

ಬೆಂಗಳೂರಿಗೆ ಇನ್ನೊಂದು ಅನುಕೂಲ ಇತ್ತು. ಭೂಮಿ ಒಂದು ದೊಡ್ಡ ಅಯಸ್ಕಾಂತ ಅಂತ ನಾವು ಓದಿದ್ದೀವಿ. ಆ ಅಯಸ್ಕಾಂತಕ್ಕೂ ಒಂದು ಸಮಭಾಜಕ ರೇಖೆ ಇದೆ. ದಕ್ಷಿಣ ಭಾರತ ಅದಕ್ಕೆ ಹತ್ತಿರ. ಅಲ್ಲಿ ಶಕ್ತಿ ಕಡಿಮೆ ಇರುವ ವಿಶ್ವಕಿರಣಗಳನ್ನು ಭೂಮಿಯ ಅಯಸ್ಕಾಂತ ಬಾಗಿಸಿ ಆಚೆ ತಳ್ಳುತ್ತೆ. ಬಹಳ ಬಲ ಇರೋವು ಮಾತ್ರ ಒಳಗೆ ಬರ್ತವೆ. ಜರಡಿ ಹಿಡಿದಂಗೆ. ಅದಕ್ಕೇ 1939-40ರ ಚಳಿಗಾಲದಲ್ಲಿ ಅಮೆರಿಕದ ನೊಬೆಲ್ ವಿಜ್ಞಾನಿ ಮಿಲ್ಲಿಕನ್, ತಮ್ಮ ಜೊತೆಗಾರರಾದ ನೆಹರ್ ಮತ್ತು ಪಿಕರಿಂಗ್ ಅವರನ್ನು ಕರಕೊಂಡು ಭಾರತಕ್ಕೆ ಬಂದು ಆಗ್ರಾ, ಪೇಶಾವರ, ಬೆಂಗಳೂರು ಈ ಮೂರು ಕಡೆಯಿಂದ ಬಲೂನು ಬಿಟ್ಟರು. ಇದರಲ್ಲಿ ಪಿಕರಿಂಗ್ ಮುಂದೆ ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಮುಖ್ಯಸ್ಥರಾದರು. 1958ರಲ್ಲಿ ಅಮೆರಿಕದ ಮೊದಲ ಉಪಗ್ರಹ ಅಲ್ಲೇ ತಯಾರಾಯಿತು. ಉಪಗ್ರಹ ಬಿಡುವ ಮೊದಲು ಅವರು ಬೆಂಗಳೂರಿನಲ್ಲಿ ಬಲೂನು ಬಿಟ್ಟಿದ್ದರು ಅಂತ ನೆನಪಿಟ್ಟುಕೊಳ್ಳಿ.

ಭಾಭಾ ಅವರು ಅಲ್ಲಿವರೆಗೆ ಕಾಗದ ಪೆನ್ಸಿಲ್ಲಿನ ವಿಜ್ಞಾನಿ. ಬೆಂಗಳೂರಿನಲ್ಲಿ ಅವರು ಉಪಕರಣಕ್ಕೂ ಕೈ ಹಾಕಿದರು. ದೊರಾಬ್ಜಿ ಟಾಟಾ ಟ್ರಸ್ಟಿನ ಹಣದಿಂದ ವಿಶ್ವಕಿರಣ ಸಂಶೋಧನಾ ಘಟಕ ಶುರುವಾಯ್ತು. ಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನದಲ್ಲಿ ತಮ್ಮ ಉಪಕರಣಗಳನ್ನು ಇಡಿಸಿ ಸುಮಾರು 30,000 ಅಡಿ ಎತ್ತರದ ತನಕ ಅಳತೆ ತೆಗೆದರು. 1941ರಲ್ಲಿ, ಅವರಿಗೆ ಇನ್ನೂ 31 ವರ್ಷ, ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು.

ಸಂಸ್ಥೆ ಕಟ್ಟಿದ್ದು

ಯುದ್ಧ ಮುಗಿದ ಮೇಲೆ ಅವರು ವಿದೇಶಕ್ಕೆ ಹೋಗಬಹುದಾಗಿತ್ತು. ಹೋಗಲಿಲ್ಲ. ಅಲಹಾಬಾದ್, ಕಲ್ಕತ್ತಾದಿಂದಲೂ ದೊಡ್ಡ ಹುದ್ದೆಗೆ ಕರೆ ಬಂದಿತ್ತು. ಅದನ್ನೂ ಒಪ್ಪಿಕೊಳ್ಳಲಿಲ್ಲ. ಒಳ್ಳೆ ಸಂಶೋಧನೆ ಮಾಡಬೇಕು ಅಂದ್ರೆ ನಮ್ಮ ಹುಡುಗರು ಹಡಗು ಹತ್ತಲೇಬೇಕು ಅನ್ನೋ ಪರಿಸ್ಥಿತಿ ಹೋಗಬೇಕು ಅನ್ನೋದು ಅವರ ಹಟ. 1944ರ ಮಾರ್ಚಿಯಲ್ಲಿ ಟಾಟಾ ಟ್ರಸ್ಟಿಗೆ ಕಾಗದ ಬರೆದು ಒಂದು ಸಂಶೋಧನಾ ಶಾಲೆ ಬೇಕು ಅಂತ ಕೇಳಿದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾಯಿತು. ಅದೇ ವರ್ಷದ ಕೊನೆಗೆ ಮುಂಬಯಿಗೆ ಹೋಯಿತು. ಅಲ್ಲಿ ಮೊದಲು ಜಾಗ ಸಿಕ್ಕಿದ್ದು ಎಲ್ಲಿ ಗೊತ್ತಾ? ಭಾಭಾ ಅವರು ಹುಟ್ಟಿದ್ದ ಮನೆಯ ಅರ್ಧ ಭಾಗದಲ್ಲಿ!

ಈ ಸಂಸ್ಥೆಯವರು ವಿಶ್ವಕಿರಣವನ್ನು ಎರಡು ಕಡೆ ಹುಡುಕಿದರು. ಒಂದು ಆಕಾಶದಲ್ಲಿ, ಇನ್ನೊಂದು ಪಾತಾಳದಲ್ಲಿ. ಪಾತಾಳ ಅಂದ್ರೆ ನಮ್ಮ ಕೋಲಾರದ ಚಿನ್ನದ ಗಣಿ. 1951ರಲ್ಲಿ ಭಾಭಾ ಅವರು ಬಿ. ವಿ. ಶ್ರೀಕಂಠನ್ ಎಂಬ ತರುಣ ವಿಜ್ಞಾನಿಯನ್ನು ಅಲ್ಲಿಗೆ ಕಳಿಸಿದರು. ಶ್ರೀಕಂಠನ್ ಅವರು ನಂಜನಗೂಡಿನವರು, ನಮ್ಮ ಕನ್ನಡಿಗರು. ನೆಲದಿಂದ 2 ಕಿಲೋಮೀಟರಿಗಿಂತ ಆಳದಲ್ಲಿ, 1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಕಣದ ಗುರುತು ಸಿಕ್ಕಿತು.

ಆಕಾಶದ ಕೆಲಸಕ್ಕೆ ಮೊದಮೊದಲು ರಬ್ಬರ್ ಪುಗ್ಗಗಳ ಗೊಂಚಲು ಕಟ್ಟಿ ಬಿಡುತ್ತಿದ್ದರು. ರಬ್ಬರ್ ಮೇಲೆ ಹೋದಂತೆ ಉಬ್ಬಿ ಒಡೆಯುತ್ತೆ, ಒಂದೇ ಎತ್ತರದಲ್ಲಿ ಬಹಳ ಹೊತ್ತು ನಿಲ್ಲಲ್ಲ. 1950ರ ದಶಕದಲ್ಲಿ ತೆಳ್ಳನೆ ಪಾಲಿಥೀನ್ ಹಾಳೆಯ ಬಲೂನನ್ನು ಸಂಸ್ಥೆಯವರೇ ಮಾಡೋಕೆ ಕಲಿತರು. ಬೇರೆ ದೇಶದಿಂದ ಕೊಂಡು ತರೋದಕ್ಕಿಂತ ನಾವೇ ಮಾಡಬೇಕು, ಉಪಕರಣ ಕೂಡ ನಾವೇ ಮಾಡಬೇಕು ಅನ್ನೋದು ಭಾಭಾ ಅವರ ನಿಯಮ. ಎಲೆಕ್ಟ್ರಾನಿಕ್ಸ್ ಕೆಲಸವನ್ನು ಎ. ಎಸ್. ರಾವ್ ಎಂಬುವರು ನೋಡಿಕೊಂಡರು. 1967ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಇ.ಸಿ.ಐ.ಎಲ್. ಕಾರ್ಖಾನೆ ಇದೇ ಬೀಜದಿಂದ ಬೆಳೆದದ್ದು. ಬಲೂನು ಬಿಡೋಕೆ ಹೈದರಾಬಾದನ್ನೇ ಆರಿಸಿಕೊಂಡರು. 1969ರಲ್ಲಿ ಅಲ್ಲಿ ಕಾಯಂ ಬಲೂನು ಕೇಂದ್ರ ಆಯ್ತು. ಅದನ್ನು ನೋಡೋಕೆ ಭಾಭಾ ಇರಲಿಲ್ಲ.

ಬಲೂನನ್ನು ನಡೆಸೋದು ಹೇಗೆ?

ಬಲೂನಿಗೆ ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ, ಡ್ರೈವರೂ ಇಲ್ಲ. ಗಾಳಿ ಕರಕೊಂಡು ಹೋದ ಕಡೆ ಹೋಗುತ್ತೆ. ಹಾಗಾದ್ರೆ ಕೆಳಗೆ ಕೂತವರು ಏನು ಮಾಡಬಹುದು? ರೇಡಿಯೋ ಮೂಲಕ ಆಜ್ಞೆ ಕಳಿಸಬಹುದು.

1) ಮೇಲೆ ಹೋಗಬೇಕಾದರೆ ಜೊತೆಗೆ ಕಟ್ಟಿದ ಕಬ್ಬಿಣದ ಪುಡಿಯನ್ನು ಸ್ವಲ್ಪ ಸುರಿಸಬೇಕು.
2) ಕೆಳಗೆ ಬರಬೇಕಾದರೆ ಮೇಲಿನ ಬಾಯಿ ತೆರೆದು ಗ್ಯಾಸ್ ಬಿಡಬೇಕು.
3) ಕೆಲಸ ಮುಗಿದ ಮೇಲೆ ಹಗ್ಗ ಕತ್ತರಿಸಬೇಕು. ಆಗ ಉಪಕರಣ ಪ್ಯಾರಾಚೂಟಿನಲ್ಲಿ ಇಳಿಯುತ್ತೆ.
4) ಎತ್ತರ, ಶಾಖ, ಗಾಳಿಯ ಒತ್ತಡ, ಎಲ್ಲಿದೆ ಅನ್ನೋದು ಇಷ್ಟನ್ನೂ ಅದು ಕೆಳಗೆ ತಿಳಿಸ್ತಾ ಇರಬೇಕು.

ದಾರಿಯೂ ಸುಲಭದ್ದಲ್ಲ. ನಮ್ಮ ಕಡೆ ಆಕಾಶದಲ್ಲಿ 16-17 ಕಿಲೋಮೀಟರ್ ಎತ್ತರದಲ್ಲಿ ಚಳಿ ಸೊನ್ನೆಗಿಂತ ಸುಮಾರು 80 ಡಿಗ್ರಿ ಕೆಳಗೆ ಇರುತ್ತೆ. ಪ್ಲಾಸ್ಟಿಕ್ ಹಪ್ಪಳದ ಥರ ಒಡೆಯಬಹುದು, ಬ್ಯಾಟರಿ ಸಾಯಬಹುದು. 30 ಕಿಲೋಮೀಟರ್ ಮೇಲೆ ಗಾಳಿ ಇಲ್ಲಿನ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಅಲ್ಲಿ ಏನಾದ್ರೂ ಕೆಟ್ಟರೆ ಸ್ಪ್ಯಾನರ್ ತಗೊಂಡು ಹೋಗೋರು ಯಾರು?

ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ನಮ್ಮ ಶಾಲಾ ಸಂಸತ್ತನ್ನು ನೆನಪು ಮಾಡಿಕೊಳ್ಳಿ. ಪ್ರಾರ್ಥನಾ ಮಂತ್ರಿ, ನೀರಿನ ಮಂತ್ರಿ, ಸ್ವಚ್ಛತಾ ಮಂತ್ರಿ, ಕ್ರೀಡಾ ಮಂತ್ರಿ ಬೇರೆ ಬೇರೆ ಇರ್ತಾರೆ. ಎಲ್ಲ ಕೆಲಸ ಒಬ್ಬರಿಗೇ ಕೊಟ್ಟಿದ್ದರೆ ಅವರಿಗೆ ಜ್ವರ ಬಂದ ದಿನ ಶಾಲೆ ಕೆಲಸವೆಲ್ಲ ನಿಲ್ಲುತ್ತೆ. ಬಲೂನಿನಲ್ಲೂ ಹಾಗೇ. ಎಲ್ಲವನ್ನೂ ಒಂದೇ ಪೆಟ್ಟಿಗೆ ಮಾಡಿದ್ರೆ ಅದು ಕೆಟ್ಟಾಗ ಎಲ್ಲ ಹೋಯ್ತು. ಅದರ ಬದಲು ಕಬ್ಬಿಣದ ಪುಡಿಗೆ ಒಂದು ಪುಟ್ಟ ಪೆಟ್ಟಿಗೆ, ಪ್ಯಾರಾಚೂಟಿಗೆ ಒಂದು, ಶಾಖ ಅಳೆಯೋಕೆ ಒಂದು, ದೂರದರ್ಶಕ ತಿರುಗಿಸೋಕೆ ಒಂದು ಹೀಗೆ ಬಿಡಿ ಬಿಡಿಯಾಗಿ ಮಾಡ್ತಾರೆ. ಪ್ರತಿಯೊಂದರ ಒಳಗೂ ಒಂದು ಸಣ್ಣ ಕಂಪ್ಯೂಟರ್ ಇರುತ್ತೆ, ಅದಕ್ಕೊಂದು ನಂಬರ್ ಇರುತ್ತೆ. ಎಲ್ಲವನ್ನೂ ಒಂದೇ ತಂತಿ ಜಾಲಕ್ಕೆ ಸೇರಿಸ್ತಾರೆ. ಕೆಳಗಿನಿಂದ ಬಂದ ಆಜ್ಞೆ ಆ ತಂತಿಯಲ್ಲಿ ಹರಿಯುತ್ತೆ. ಹಾಜರಿ ಕೂಗಿದಾಗ ಅವರವರ ನಂಬರಿಗೆ ಅವರವರು ಎದ್ದಂಗೆ, ಯಾರ ನಂಬರ್ ಇದೆಯೋ ಅವರು ಮಾತ್ರ ಕೆಲಸ ಮಾಡ್ತಾರೆ. ಒಂದು ಪೆಟ್ಟಿಗೆ ಕೆಟ್ಟರೆ ಉಳಿದವು ನಡೀತಾ ಇರ್ತವೆ. ಮುಂದಿನ ಪ್ರಯೋಗಕ್ಕೆ ಹೊಸ ಉಪಕರಣ ಬಂದ್ರೆ ಅದನ್ನ ಅದೇ ಜಾಲಕ್ಕೆ ಸಿಕ್ಕಿಸಿದರೆ ಸಾಕು, ಎಲ್ಲಾ ಬಿಚ್ಚಿ ಮತ್ತೆ ಕಟ್ಟಬೇಕಿಲ್ಲ. ಭಾಭಾ ಚಿಕ್ಕಂದಿನಲ್ಲಿ ಆಡಿದ ಮೆಕಾನೋ ಪಟ್ಟಿಗಳ ಥರಾನೇ!

ಆದರೆ ತಂತಿಯೇ ತುಂಡಾದ್ರೆ? ಅದಕ್ಕೂ ದಾರಿ ಇಟ್ಟಿರ್ತಾರೆ. ಹಗ್ಗ ಕತ್ತರಿಸೋ ಪೆಟ್ಟಿಗೆಗೆ ಸ್ವಂತ ಬ್ಯಾಟರಿ, ಸ್ವಂತ ಗಡಿಯಾರ. ಇಷ್ಟು ಹೊತ್ತು ಆದಮೇಲೆ ಯಾರೂ ಹೇಳದಿದ್ರೂ ಅದು ತಾನೇ ಕತ್ತರಿಸುತ್ತೆ. ಇಲ್ಲಾಂದ್ರೆ ಬಲೂನು ಎಲ್ಲೋ ಸಮುದ್ರಕ್ಕೆ ಹೋಗಿ ಬಿದ್ದೀತು.

ಒಂದು ಉದಾಹರಣೆ: 2005ರ ಏಪ್ರಿಲ್ 20ರಂದು ಹೈದರಾಬಾದಿನಿಂದ ಒಂದು ಬಲೂನು ಹಾರಿತು. ಅದರ ಗಾತ್ರ 2 ಕೋಟಿ 67 ಲಕ್ಷ ಘನ ಅಡಿ. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿ ಲೆಕ್ಕ ಹಾಕಿದರೆ 6,675 ಕೊಠಡಿ ಅದರೊಳಗೆ ಹಿಡೀತವೆ! 459 ಕಿಲೋ ಉಪಕರಣ ಹೊತ್ತು ಹೋಗಿ 20 ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಉಕ್ಕಿನ ಕೊಳವೆಗಳಲ್ಲಿ ತುಂಬಿಕೊಂಡು ಬಂತು. ಆ ಗಾಳಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿದವು. ಅವುಗಳಲ್ಲಿ ಮೂರು ಹೊಸ ಜಾತಿಯವು ಅಂತ 2009ರಲ್ಲಿ ಪ್ರಕಟಿಸಿದರು. ಒಂದಕ್ಕೆ ಆರ್ಯಭಟನ ಹೆಸರು, ಒಂದಕ್ಕೆ ಇಸ್ರೋ ಹೆಸರು, ಇನ್ನೊಂದಕ್ಕೆ ಹೊಯ್ಲ್ ಎಂಬ ವಿಜ್ಞಾನಿಯ ಹೆಸರು ಇಟ್ಟರು.

ನಮ್ಮ ರಾಜ್ಯದಲ್ಲೂ ಹೊಸಕೋಟೆಯಿಂದ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಚಿಕ್ಕ ಬಲೂನುಗಳನ್ನು ಬಿಟ್ಟು ನೇರಳಾತೀತ ಬೆಳಕನ್ನು ಅಳೆದಿದ್ದಾರೆ. ಅಂಗೈ ಅಗಲದ, ಕಡಿಮೆ ಬೆಲೆಯ ಕಂಪ್ಯೂಟರಿನಿಂದಲೇ ಉಪಕರಣವನ್ನು ನಕ್ಷತ್ರದ ಕಡೆ ತಿರುಗಿಸುವ ವ್ಯವಸ್ಥೆಯನ್ನು ಅಲ್ಲೇ ಮಾಡಿದ್ದಾರೆ.

ಅಣುಶಕ್ತಿ ಮತ್ತು ಇತರ ಕೆಲಸ

1948ರಲ್ಲಿ ಅಣುಶಕ್ತಿ ಆಯೋಗ ಆದಾಗ ಭಾಭಾ ಅವರೇ ಮೊದಲ ಅಧ್ಯಕ್ಷರು. 1956ರ ಆಗಸ್ಟ್ 4ರಂದು ಮುಂಬಯಿ ಹತ್ತಿರದ ಟ್ರಾಂಬೆಯಲ್ಲಿ ನಮ್ಮ ದೇಶದ ಮೊದಲ ಅಣು ರಿಯಾಕ್ಟರ್ ಅಪ್ಸರಾ ಶುರುವಾಯಿತು. 1955ರಲ್ಲಿ ಜಿನೀವಾದಲ್ಲಿ ನಡೆದ ವಿಶ್ವಸಂಸ್ಥೆಯ ಶಾಂತಿಗಾಗಿ ಅಣುಶಕ್ತಿ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾಗಿದ್ದರು. 1954ರಲ್ಲಿ ಪದ್ಮಭೂಷಣ ಬಂತು. ಉತ್ತರ ಕನ್ನಡದ ಕೈಗಾದಲ್ಲಿ 2000ದಿಂದ ವಿದ್ಯುತ್ ಬರ್ತಿದೆಯಲ್ಲ, ಅದರ ಬೇರು ಇಲ್ಲಿದೆ.

ಅವರು ಮದುವೆಯಾಗಲಿಲ್ಲ. ಚಿತ್ರಕಲೆ ಮತ್ತು ಸಂಗೀತದ ಹುಚ್ಚು ಕೊನೆತನಕ ಇತ್ತು. ಮರ ಕಡಿಯೋದು ಅವರಿಗೆ ಆಗುತ್ತಿರಲಿಲ್ಲ. ರಸ್ತೆಗೆ, ಕಟ್ಟಡಕ್ಕೆ ಅಡ್ಡ ಬಂದ ದೊಡ್ಡ ಮರಗಳನ್ನು ಬೇರುಸಮೇತ ಎತ್ತಿಸಿ ಬೇರೆ ಕಡೆ ನೆಡಿಸುತ್ತಿದ್ದರು. ಅಡಿಕೆ ಸಸಿ ಕಿತ್ತು ನೆಡೋದೇ ಎಷ್ಟು ಜೋಪಾನದ ಕೆಲಸ ಅಂತ ಚನ್ನಗಿರಿ ಕಡೆಯವರಿಗೆ ಗೊತ್ತು. ಇನ್ನು ಬೆಳೆದ ಮರ ಅಂದ್ರೆ!

ಕೊನೆಯ ಪ್ರಯಾಣ

1966ನೇ ಇಸವಿ ಜನವರಿ 24. ಭಾಭಾ ಅವರು ವಿಯೆನ್ನಾದಲ್ಲಿ ನಡೆಯುವ ಸಭೆಗೆ ಹೊರಟಿದ್ದರು. ಏರ್ ಇಂಡಿಯಾದ ಕಾಂಚನಜುಂಗಾ ಎಂಬ ಹೆಸರಿನ ವಿಮಾನ ಯುರೋಪಿನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಅದರಲ್ಲಿದ್ದ 117 ಜನರೂ ತೀರಿಹೋದರು. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಕಾಲವಾಗಿ ಇನ್ನೂ ಎರಡು ವಾರ ಆಗಿರಲಿಲ್ಲ, ಒಂದೇ ತಿಂಗಳಲ್ಲಿ ದೇಶಕ್ಕೆ ಎರಡು ಪೆಟ್ಟು. ಆಗ ಭಾಭಾ ಅವರಿಗೆ 56 ವರ್ಷ. ಕಣಗಳು ಮೇಲಿಂದ ಕೆಳಗೆ ಬರೋದನ್ನ ಲೆಕ್ಕ ಹಾಕಿದವರು ಹಿಮದ ಬೆಟ್ಟದ ಮೇಲೆಯೇ ಉಳಿದುಹೋದರು.

ಆದರೆ ಕೆಲಸ ನಿಲ್ಲಲಿಲ್ಲ. ಅಣುಶಕ್ತಿ ಆಯೋಗವನ್ನು ಬೆಂಗಳೂರಿನ ಹಳೆಯ ಜೊತೆಗಾರ ಸಾರಾಭಾಯಿ ನೋಡಿಕೊಂಡರು. 1967ರಲ್ಲಿ ಟ್ರಾಂಬೆ ಕೇಂದ್ರಕ್ಕೆ ಭಾಭಾ ಹೆಸರು ಇಟ್ಟರು. 1968ರಲ್ಲಿ ಹೈದರಾಬಾದಿನಿಂದ ಕ್ಷ-ಕಿರಣ ನಕ್ಷತ್ರಗಳನ್ನು ನೋಡುವ ಬಲೂನು ಹಾರಿತು. ಒಂದು ಪೆಟ್ಟಿಗೆ ಕೆಟ್ಟರೂ ಉಳಿದವು ನಡೆಯುವಂತೆ ಬಲೂನು ಕಟ್ಟುತ್ತಾರೆ ಅಂತ ಮೇಲೆ ಬರೆದೆನಲ್ಲ, ಅವರು ಸಂಸ್ಥೆಗಳನ್ನೂ ಹಾಗೇ ಕಟ್ಟಿದ್ದರು.

ನಾವು ಮಾಡಬೇಕಾದ್ದು

2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಜಲಸಂಗಿ ಊರಿನಲ್ಲಿ ಹೈದರಾಬಾದಿನಿಂದ ಬಿಟ್ಟ ಬಲೂನು ಬಂದು ಇಳಿಯಿತು. ಜನ ಮೊದಲು ಗಾಬರಿಯಾದರು. ಆಮೇಲೆ ಅದು ವಿಜ್ಞಾನದ ಬಲೂನು ಅಂತ ತಿಳೀತು. ಹೈದರಾಬಾದಿಗೆ ನಾವು ದೂರ, ನಮ್ಮ ಕಡೆ ಬೀಳೋದು ಅಪರೂಪ. ಆದರೂ ಜಗಳೂರಿನ ಮೆಕ್ಕೆಜೋಳದ ಹೊಲದಲ್ಲೋ, ನಮ್ಮ ನೆಂಟರ ಊರು ರಾಯಚೂರು, ಕಲಬುರ್ಗಿ ಕಡೆಯೋ ಬಿಳೀ ಪ್ಲಾಸ್ಟಿಕ್, ಪ್ಯಾರಾಚೂಟು, ತಂತಿ ಇರುವ ಪೆಟ್ಟಿಗೆ ಕಂಡರೆ ಹತ್ತಿರ ಹೋಗಿ ಬಿಚ್ಚಬೇಡಿ. ಬಲೂನಿನಲ್ಲಿ ಹೈಡ್ರೋಜನ್ ಇರಬಹುದು, ಬೀಡಿ ಬೆಂಕಿ ತಾಗಿದರೂ ಹತ್ತಿಕೊಳ್ಳುತ್ತೆ. ಪೆಟ್ಟಿಗೆ ಮೇಲೆ ಫೋನ್ ನಂಬರ್ ಬರೆದಿರ್ತಾರೆ. ದೊಡ್ಡವರಿಗೆ ಹೇಳಿ, ಪೊಲೀಸರಿಗೆ ತಿಳಿಸಿ. ಹೊಳೆಯುತ್ತೆ ಅಂತ ಒಂದು ಸ್ಕ್ರೂ ಬಿಚ್ಚಿ ಜೇಬಿಗೆ ಹಾಕಿಕೊಂಡರೆ ಯಾರೋ ಅಕ್ಕನೋ ಅಣ್ಣನೋ ಎರಡು ಮೂರು ವರ್ಷ ಕಷ್ಟಪಟ್ಟ ಕೆಲಸ ಹಾಳಾಗುತ್ತೆ. ವಿಜ್ಞಾನಿ ಆಗದಿದ್ದವರೂ ವಿಜ್ಞಾನಕ್ಕೆ ಮಾಡಬಹುದಾದ ಸಹಾಯ ಇದು.

ಯೋಚಿಸಿ, ಉತ್ತರ ಹುಡುಕಿ:
1. ವಿಶ್ವಕಿರಣ ನೆಲದಿಂದ ಬರಲ್ಲ ಅಂತ ಬಲೂನಿನಿಂದ ಹೇಗೆ ಗೊತ್ತಾಯಿತು?
2. ಕಬ್ಬಿಣದ ಪುಡಿ ಸುರಿಸಿದರೆ ಬಲೂನು ಯಾಕೆ ಮೇಲೆ ಹೋಗುತ್ತೆ?
3. ಎಲ್ಲ ಕೆಲಸಕ್ಕೂ ಒಂದೇ ಪೆಟ್ಟಿಗೆ ಇಟ್ಟರೆ ಏನು ತೊಂದರೆ?
4. ಭಾಭಾ ಅವರ ತಾತನಿಗೂ ನಮ್ಮ ತಾಲೂಕಿಗೂ ಏನು ಸಂಬಂಧ?

(ಉತ್ತರಗಳೆಲ್ಲ ಮೇಲೆಯೇ ಇವೆ. ದಯವಿಟ್ಟು ಯಾರೂ ಹಾಳೆ ಹರಿಯಬೇಡಿ, ಬಣ್ಣದ ಮೇಲೆ ಕೈ ಉಜ್ಜಬೇಡಿ.)

ಸಂಗ್ರಹ ಮತ್ತು ಬರಹ: ವಿದ್ಯಾರ್ಥಿನಿ, 7ನೇ ತರಗತಿ